'ಬೇಕಾದಷ್ಟು' ಜೆರಾಕ್ಸ್

ಮೊನ್ನೆ ನಮ್ಮ ಮೇಷ್ಟ್ರುಗಳ ವಾಟ್ಸಾಪ್ ಗುಂಪಿಗೆ ಯಾರೋ ಹೊಸ ಕಾದಂಬರಿಯೊಂದರ ಪಿಡಿಎಫ್ ಹಾಕಿದರು. ಮುಖಪುಟದಿಂದ ಬೆನ್ನುಡಿಯವರೆಗೆ ಪೂರ್ತಿ. "ಇದು ತಪ್ಪಲ್ವಾ ಸರ್?" ಎಂದೆ. "ಪಾಠಕ್ಕೆ ತಾನೇ? ದೆಹಲಿ ಹೈಕೋರ್ಟೇ ಸರಿ ಅಂದಿದೆ" ಎಂದು ಉತ್ತರ ಬಂತು.

ಆ ತೀರ್ಪನ್ನು ಮೆಚ್ಚುವವರಲ್ಲಿ ನಾನೂ ಒಬ್ಬ. ಅದಕ್ಕೇ ಸಿಟ್ಟು ಬಂತು.

ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್ ಆವರಣದಲ್ಲಿ ರಾಮೇಶ್ವರಿ ಎಂಬ ಜೆರಾಕ್ಸ್ ಅಂಗಡಿ ಇತ್ತು. ಮೇಷ್ಟ್ರು ಓದಲು ಹೇಳಿದ ಅಧ್ಯಾಯಗಳನ್ನು ಬೇರೆ ಬೇರೆ ಪುಸ್ತಕಗಳಿಂದ ಜೆರಾಕ್ಸ್ ಮಾಡಿ, ಬೈಂಡ್ ಮಾಡಿ ಕೊಡುತ್ತಿತ್ತು. ಪುಟಕ್ಕೆ 40 ಪೈಸೆ. 2012ರಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಡ್ಜ್, ಟೇಲರ್ ಅಂಡ್ ಫ್ರಾನ್ಸಿಸ್ ಪ್ರಕಾಶನಗಳು ಕೇಸು ಹಾಕಿದವು. ತಮಾಷೆ ನೋಡಿ, ಆ ಪುಸ್ತಕಗಳನ್ನು ಬರೆದವರಲ್ಲೇ ಕೆಲವರು ವಿದ್ಯಾರ್ಥಿಗಳ ಪರ ನಿಂತರು. ಕೇಸು ಬೇಡ ಎಂದು ಅಮರ್ತ್ಯ ಸೇನ್ ಪತ್ರ ಬರೆದರು.

2016ರ ಸೆಪ್ಟೆಂಬರಿನಲ್ಲಿ ನ್ಯಾಯಮೂರ್ತಿ ರಾಜೀವ್ ಸಹಾಯ್ ಎಂಡ್ಲಾ ಕೇಸು ವಜಾ ಮಾಡಿದರು. ಪಾಠದ ಸಲುವಾಗಿ ಮೇಷ್ಟ್ರೋ ವಿದ್ಯಾರ್ಥಿಯೋ ನಕಲು ಮಾಡಿಕೊಂಡರೆ 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ ಅದಕ್ಕೆ ವಿನಾಯಿತಿ ಕೊಡುತ್ತದೆ ಎಂದರು. ಡಿಸೆಂಬರಿನಲ್ಲಿ ಪ್ರಕಾಶಕರ ಮೇಲ್ಮನವಿ ಕೇಳಿದ ಇಬ್ಬರು ನ್ಯಾಯಮೂರ್ತಿಗಳ ಪೀಠ, ಶೇಕಡಾ ಇಷ್ಟೇ ಎಂಬ ಮಿತಿ ಇಲ್ಲ, ಪಾಠಕ್ಕೆ ಬೇಕಾದಷ್ಟು ಎಂದಿತು. ಆದರೆ ಅಲ್ಲಿಗೇ ನಿಲ್ಲಲಿಲ್ಲ. ಆ ಕಟ್ಟಿನಲ್ಲಿದ್ದದ್ದೆಲ್ಲ ಪಾಠಕ್ಕೆ ನಿಜಕ್ಕೂ ಬೇಕಿತ್ತೇ ಎಂದು ವಿಚಾರಣೆ ಮಾಡಿ ಎಂದು ವಾಪಸ್ ಕಳಿಸಿತು. 2017ರಲ್ಲಿ ಪ್ರಕಾಶಕರೇ ಕೇಸು ಹಿಂದಕ್ಕೆ ತೆಗೆದುಕೊಂಡರು.

ಪಾಠಕ್ಕೆ ಎಷ್ಟು ಬೇಕೋ ಅಷ್ಟು ಎಂದು ಕೋರ್ಟು ಹೇಳಿದರೆ, ನಮ್ಮವರು ಅದನ್ನು ಮದುವೆ ಊಟದ 'ಬೇಕಾದಷ್ಟು' ಎಂದು ಓದಿಕೊಂಡಿದ್ದಾರೆ!

ನಾನೇನು ಮಡಿವಂತನಲ್ಲ. ಲೈಬ್ರರಿಯಲ್ಲಿ ಒಂದೇ ಪ್ರತಿ ಇರುವ, ಅಂಗಡಿಯಲ್ಲಿ ಸಿಗದ ಪುಸ್ತಕದ ಲೇಖನವನ್ನು ಇಡೀ ಕ್ಲಾಸಿಗೆ ಜೆರಾಕ್ಸ್ ಮಾಡಿಸಿದ್ದೇನೆ. ನಾಳೆಯೂ ಮಾಡಿಸುತ್ತೇನೆ. ಮೂರು ಸಾವಿರದ ಇಂಗ್ಲಿಷ್ ಪುಸ್ತಕದಲ್ಲಿ ಒಂದೇ ಅಧ್ಯಾಯ ಬೇಕಾದ ಹುಡುಗಿಗೆ ಪುಸ್ತಕ ಕೊಂಡುಕೋ ಎನ್ನುವುದು ನ್ಯಾಯವಲ್ಲ. ಆದರೆ ಈ ಕಾದಂಬರಿ ಇನ್ನೂರು ರೂಪಾಯಿಗೆ ಅಂಗಡಿಯಲ್ಲೇ ಇದೆ. ಕನ್ನಡದಲ್ಲಿ ಸಾವಿರ ಪ್ರತಿ ಹೋದರೆ ಪ್ರಕಾಶಕರು ಗೆದ್ದ ಹಾಗೆ. ಪೂರ್ತಿ ಪುಸ್ತಕವೇ ಪಠ್ಯವಾದರೆ ಕಾಲೇಜು ಹತ್ತು ಪ್ರತಿ ತರಿಸಲಿ, ಬಡ ಮಕ್ಕಳಿಗೆ ಎರವಲು ಕೊಡಲಿ. ಇನ್ನು ಆ ಗುಂಪಿನಲ್ಲಿ ಯಾರಿದ್ದಾರೆ? ರಿಟೈರ್ ಆದವರು, ಸೈಟ್ ಮಾರುವವರು, ಸುಮ್ನೆ ಗುಡ್ ಮಾರ್ನಿಂಗ್ ಹಾಕುವವರು. ವಿದ್ಯಾರ್ಥಿ ಒಬ್ಬನೂ ಇಲ್ಲ.

"ಯಾವ ಸೆಮಿಸ್ಟರಿಗೆ ಪಠ್ಯ ಸರ್ ಇದು?" ಎಂದು ಕೇಳಿದ್ದೇನೆ. ಉತ್ತರ ಬಂದಿಲ್ಲ. ಪಿಡಿಎಫ್ ಮಾತ್ರ ಇನ್ನೆರಡು ಗುಂಪು ಸುತ್ತಿ ನನಗೇ ವಾಪಸ್ ಬಂದಿದೆ.