ಎತ್ತಿಗೆ ಜ್ವರ, ಹಿಮ್ಮಡಿಗೆ ಬರೆ

ದಕ್ಷಿಣ ಕೊರಿಯಾದ ಅಪಾರ್ಟ್‌ಮೆಂಟುಗಳಲ್ಲಿ ಹಿಮ್ಮಡಿಯ ಸದ್ದಿಗೆ ‘ಬಾಲ್‌ಮಾಂಗ್‌ಚಿ’ ಅಂತ ಅಡ್ಡಹೆಸರು. ಅಂದರೆ ಕಾಲು-ಸುತ್ತಿಗೆ. ಮೇಲಿನ ಮನೆಯವರು ರಾತ್ರಿ ನೀರು ಕುಡಿಯಲು ಎದ್ದು ಧಪಧಪ ನಡೆದರೆ ಕೆಳಗಿನವರ ತಲೆ ಮೇಲೆ ಬೀಳುವುದು ಇದೇ ಸುತ್ತಿಗೆ. ಬೆಚ್ಚಗಿನ ನೆಲದ ಮೇಲೆ ಬರಿಗಾಲಲ್ಲಿ ಓಡಾಡುವುದು ಅಲ್ಲಿಯವರ ಹಳೇ ಸುಖ. ಈಗ ಆ ಸುಖಕ್ಕೂ ದಪ್ಪ ಸ್ಪಂಜಿನ ಚಪ್ಪಲಿ ತೊಡಿಸಿದ್ದಾರೆ. ಮಕ್ಕಳ ಕಾಲಲ್ಲಿ ಚಪ್ಪಲಿ ನಿಲ್ಲುತ್ತದೆಯೇ? ಅದಕ್ಕೇ ಮನೆ ತುಂಬಾ ಮ್ಯಾಟು.

ದೇಶದ ಅರ್ಧಕ್ಕಿಂತ ಜಾಸ್ತಿ ಸಂಸಾರಗಳು ಅಪಾರ್ಟ್‌ಮೆಂಟಿನಲ್ಲೇ ಇರುವಾಗ ಸರ್ಕಾರ ಸುಮ್ನೆ ಕೂರುವ ಹಾಗಿಲ್ಲ. 2012ರಲ್ಲಿ ಈ ಜಗಳ ಬಿಡಿಸಲೆಂದೇ ಒಂದು ಕೇಂದ್ರ ತೆರೆಯಿತು. ಆಮೇಲೆ ಸದ್ದಿಗೆ ಮಿತಿ ಹಾಕಿತು: ಒಂದು ನಿಮಿಷದ ಸರಾಸರಿ ಹಗಲಲ್ಲಿ 43 ಡೆಸಿಬಲ್, ರಾತ್ರಿ 38. ಜಗಳ ನಿಲ್ಲಲಿಲ್ಲ. 2023ರ ಜನವರಿಯಲ್ಲಿ ಮಿತಿಯನ್ನು 39ಕ್ಕೂ 34ಕ್ಕೂ ಇಳಿಸಿದರು. ಲೈಬ್ರರಿಯಲ್ಲಿ ಕೂತ ಹಾಗೆ ಮನೆಯಲ್ಲಿ ಬದುಕಬೇಕು. ಹೊಸ ನಿಯಮದ ಒಂದು ಪ್ರತಿಯನ್ನು ಹಳೇ ಕಾಂಕ್ರೀಟಿಗೂ ಕಳಿಸಿದರೋ ಇಲ್ಲವೋ! ಅಂದ ಹಾಗೆ, ಬಚ್ಚಲಿನ ನೀರಿನ ಸದ್ದು ಈ ಲೆಕ್ಕಕ್ಕೇ ಬರುವುದಿಲ್ಲ. ನಡುರಾತ್ರಿ ಮೇಲಿನವರ ಫ್ಲಶ್ ನಿಮ್ಮ ಗೋಡೆಯೊಳಗೆ ಜಲಪಾತವಾಗಿ ಇಳಿದರೂ ಕಾನೂನಿನ ಕಿವಿಗೆ ಅದು ಮೌನ.

ಈಗ ನೆಲದ ವಿಷಯಕ್ಕೆ ಬರೋಣ. ಅಲ್ಲಿಯ ಬಹಳಷ್ಟು ಕಟ್ಟಡಗಳಲ್ಲಿ ಕಂಬ, ತೊಲೆಗಳ ಬದಲು ಗೋಡೆಗಳೇ ಭಾರ ಹೊರುತ್ತವೆ. ಖರ್ಚು ಕಡಿಮೆ, ಕೆಲಸ ಬೇಗ. ಮೇಲೆ ಬಿದ್ದ ಪೆಟ್ಟು ಗೋಡೆ ಹಿಡಿದು ಆರಾಮಾಗಿ ಕೆಳಗಿಳಿಯುತ್ತದೆ. ಸರ್ಕಾರದ ಲೆಕ್ಕಪರಿಶೋಧಕರು 191 ಮನೆಗಳ ನೆಲ ಪರೀಕ್ಷಿಸಿದ ವರದಿ 2019ರಲ್ಲಿ ಬಂತು. 184 ಮನೆಗಳಲ್ಲಿ ನೆಲ ಪ್ರಮಾಣಪತ್ರದಲ್ಲಿ ಬರೆದಷ್ಟು ಸದ್ದು ತಡೆಯುತ್ತಿರಲಿಲ್ಲ. 114 ಮನೆಗಳದು ಪಾಸ್ ಮಾರ್ಕೂ ಇಲ್ಲ! ಎಲ್ಲ ಪ್ರಯೋಗಾಲಯದಲ್ಲಿ ಮೊದಲೇ ಪಾಸಾದ ನೆಲಗಳೇ. ಪರೀಕ್ಷೆ ಬರೆದವನೊಬ್ಬ, ಕೆಲಸಕ್ಕೆ ಬಂದವನೊಬ್ಬ.

ಆಗ ಜ್ಞಾನೋದಯವಾಯಿತು. 2022ರ ಆಗಸ್ಟಿನಿಂದ ಹೊಸ ನಿಯಮ: ಕಟ್ಟಿದ ಮೇಲೆ ಪರೀಕ್ಷೆ. ಎರಡೂವರೆ ಕಿಲೋ ರಬ್ಬರ್ ಚೆಂಡನ್ನು ಒಂದು ಮೀಟರ್ ಎತ್ತರದಿಂದ ಬಿಡುವುದು, ಕೆಳಗಿನ ಮನೆಯಲ್ಲಿ ಸದ್ದು ಅಳೆಯುವುದು. ಫೇಲಾದರೆ? ‘ಸರಿಪಡಿಸಿ, ಇಲ್ಲವೇ ಪರಿಹಾರ ಕೊಡಿ’ ಎಂದು ಕಟ್ಟಿದವರಿಗೆ ಶಿಫಾರಸು. ಆಜ್ಞೆಯಲ್ಲ, ಶಿಫಾರಸು. ನೋಡಿ, ಎಷ್ಟು ಮೆತ್ತಗಿನ ಹೆಜ್ಜೆ. ಒಂದು ಡೆಸಿಬಲ್ಲೂ ಏಳಲಿಲ್ಲ.

ನಿವಾಸಿಗಳಿಗೆ ಇಷ್ಟು ನಾಜೂಕಿಲ್ಲ. ಮೇಲಿನವರಿಗೆ ಬುದ್ಧಿ ಕಲಿಸಲು ಕೆಲವರು ಸೂರಿಗೆ ಸ್ಪೀಕರ್ ಕಟ್ಟುತ್ತಾರೆ, ರಬ್ಬರ್ ಸುತ್ತಿಗೆಯಿಂದ ಕುಟ್ಟುತ್ತಾರೆ. ಸದ್ದು ಪಕ್ಕದ ಮನೆಯಿಂದ ಬಂದಿದ್ದರೂ ಪೆಟ್ಟು ಮೇಲಿನವರಿಗೇ. ಹೀಗೆ ಬೇಕೆಂದೇ ಪದೇಪದೇ ಸದ್ದು ಮಾಡಿದರೆ ಅದು ಸ್ಟಾಕಿಂಗ್, ಅಂದರೆ ಬೆನ್ನುಬಿದ್ದು ಕಾಡುವ ಅಪರಾಧವಾಗಬಹುದು ಎಂದು 2023ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನ್ಯಾಯವೇ ಬಿಡಿ, ಯಾರ ಮೇಲಾದರೂ ಹಾಗೆ ಹಗೆ ತೀರಿಸಬಾರದು. ಆದರೆ ತೆಳು ನೆಲ ಮಾರಿದವನಿಗೆ ಶಿಫಾರಸು, ಅದರ ಕೆಳಗೆ ನಿದ್ದೆಗೆಟ್ಟು ಸೂರು ಕುಟ್ಟಿದವನಿಗೆ ಕೇಸು!

ಉಳಿದಿದ್ದು ಮೇಂಟೆನೆನ್ಸ್ ಆಫೀಸು. ಅವರ ಮದ್ದು ಪ್ರಕಟಣೆ. ರಾತ್ರಿ ಒಂಬತ್ತಕ್ಕೆ ಮನೆಮನೆಯೊಳಗೆ ಕೂರಿಸಿರುವ ಸ್ಪೀಕರು ಡಿಂಗ್ ಡಾಂಗ್ ಎನ್ನುತ್ತದೆ. ‘ನಿವಾಸಿಗಳೇ, ನೆರೆಯವರ ನೆಮ್ಮದಿಗಾಗಿ ದಯವಿಟ್ಟು ಸದ್ದು ಮಾಡಬೇಡಿ!’ ಮೇಲಿನ ಮನೆಯಲ್ಲಿ ಆಗತಾನೇ ಮಲಗಿದ್ದ ಮಗು ಬೆಚ್ಚಿ ಎದ್ದು ಅಮ್ಮನ ಹತ್ತಿರ ಓಡುತ್ತದೆ. ಧಪ್, ಧಪ್, ಧಪ್.