ಹೀಟ್ ಪಂಪ್ ಗೀಸರಿಗೆ ತೇವದ ಹೆದರಿಕೆ ಯಾಕೆ?

‘ಕಾಸರಗೋಡಿನಂಥ ತೇವದ ಊರಿಗೆ ಹೀಟ್ ಪಂಪ್ ಗೀಸರ್ ಆಗಿಬರುವುದಿಲ್ಲ’ ಎಂದು ಲೇಖನವೊಂದರಲ್ಲಿ ಬರೆದದ್ದು ತಲೆಕೆಳಗು. ಈ ಗೀಸರ್ ಸುತ್ತಲಿನ ಗಾಳಿಯ ಶಾಖವನ್ನು ಹೀರಿ ಟ್ಯಾಂಕಿನ ನೀರಿಗೆ ಕೊಡುತ್ತದೆ. ಗಾಳಿಯ ತೇವ ಅದರ ತಣ್ಣನೆಯ ಕಾಯಿಲಿನ (ಶಾಖ ಹೀರುವ ಕೊಳವೆ ಸುರುಳಿ) ಮೇಲೆ ನೀರಾಗುವಾಗ ಬಿಡುವ ಶಾಖವೂ ಟ್ಯಾಂಕಿಗೇ ಸೇರುತ್ತದೆ. 200 ಲೀಟರ್ ನೀರನ್ನು 27 ಡಿಗ್ರಿಯಿಂದ 55ಕ್ಕೆ ಏರಿಸಲು ಮಾಮೂಲಿ ಗೀಸರಿಗೆ ಆರೂವರೆ ಯೂನಿಟ್ ಬೇಕು. ಹೀಟ್ ಪಂಪಿಗೆ ನಮ್ಮ ಸೆಕೆಯಲ್ಲಿ ಎರಡು, ಎರಡೂವರೆ ಸಾಕು. ಮಳೆಗಾಲದಲ್ಲಿ ಕಾಯಿಲಿನಿಂದ ಬಹಳ ನೀರು ತೊಟ್ಟಿಕ್ಕುತ್ತದೆ, ಡ್ರೈನ್ ಪೈಪಿಗೆ ಇಳಿಜಾರು ಕೊಡಿ, ಅಷ್ಟೆ.

ಹಾಳಾಗುವುದು ಬೇರೆ ಕಡೆಯಿಂದ. ಕಡಲ ಬದಿಯಲ್ಲಾದರೆ ಉಪ್ಪುಗಾಳಿಗೆ ಕಾಯಿಲಿನ ಅಲ್ಯೂಮಿನಿಯಂ ಫಿನ್ (ತೆಳು ತಗಡಿನ ಎಲೆ) ಬಿಳಿ ಹುಡಿಯಾಗಿ ಉದುರುತ್ತದೆ. ಲೇಪನ ಇರುವ ಫಿನ್‌ನದ್ದನ್ನೇ ಕೇಳಿ, ತಿಂಗಳಿಗೊಮ್ಮೆ ಬಾವಿನೀರು ಹೊಯ್ದು ತೊಳೆಯಿರಿ, ಪ್ರೆಶರ್ ವಾಷರ್ ಹಿಡಿದರೆ ಫಿನ್ ಮಡಚಿಹೋಗುತ್ತದೆ. ಮುರಕಲ್ಲಿನ ಬಾವಿಗಳ ನೀರಿನಲ್ಲಿ ಹೆಚ್ಚಾಗಿ ಹುಳಿಯ ಅಂಶ ಜಾಸ್ತಿ. ಒಳಗೆ ಗಾಜಿನ ಲೇಪ ಇರುವ ಟ್ಯಾಂಕಿನಲ್ಲಿ, ಟ್ಯಾಂಕಿನ ಬದಲು ತಾನು ಸವೆಯಲೆಂದೇ ಇಟ್ಟ ಮೆಗ್ನೀಸಿಯಂ ರಾಡ್ ಅಂಥ ನೀರಿಗೆ ಬೇಗ ಸವೆಯುತ್ತದೆ, ಅದು ಮುಗಿದ ಮೇಲೆ ತುಕ್ಕಿನ ಸರದಿ ಟ್ಯಾಂಕಿನದ್ದು. ವರ್ಷಕ್ಕೊಮ್ಮೆ ಬಿಚ್ಚಿ ನೋಡಿ. ನಡುವಿನ ಕಬ್ಬಿಣದ ಸರಿಗೆ ಕಾಣಿಸಿದರೆ ಬದಲಿಸಿ.

ಇನ್ನು, ‘ಕರೆಂಟ್ ಬಿಲ್ ಇಳಿಯಲೇ ಇಲ್ಲ’ ಎಂಬ ದೂರು. ಘಟಕವನ್ನು ಬಚ್ಚಲಿನ ಪಕ್ಕದ ಮುಚ್ಚಿದ ಕೋಣೆಯಲ್ಲಿಟ್ಟರೆ ತಾನೇ ತಣ್ಣಗೆ ಮಾಡಿದ ಗಾಳಿಯನ್ನೇ ಮತ್ತೆ ಎಳೆಯುತ್ತದೆ, ಕೊನೆಗೆ ಮಾಮೂಲಿ ಗೀಸರಿನಂತೆ ಕರೆಂಟಿನಲ್ಲೇ ಕಾಯಿಸುವ ಬ್ಯಾಕಪ್ ಕಾಯಿಲ್ ಉರಿಯುತ್ತದೆ. ಜಗಲಿಯ ಹೊರಗಿಡಿ. ತೋಟದ ಮಡಲು, ತೆಂಗಿನ ಸಿಪ್ಪೆ ಧಾರಾಳ ಇರುವವರಿಗಾದರೆ ಹಂಡೆಯೇ ಲಾಭ, ಅದು ಬೇರೆ ಮಾತು.