ರಿಪೋರ್ಟ್ ಕೊಟ್ಟು ಹೋಗೋರಿಗೆ ಅಷ್ಟೊಂದು ದುಡ್ಡು ಯಾಕೆ?

ಪೀಣ್ಯದ ಒಂದು ಪ್ರೆಸ್ ಶಾಪ್‌ನಲ್ಲಿ, ಅಂದರೆ ಲೋಹದ ತಗಡು ಒತ್ತಿ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ, ಪ್ರೊಡಕ್ಷನ್ ನೋಡಿಕೊಳ್ಳುತ್ತೇನೆ. ಬದಲಾವಣೆ ತರ್ತೀವಿ ಅಂತ ಬರುವ ಕನ್ಸಲ್ಟೆಂಟ್‌ಗಳ ಮೇಲೆ ನನಗೆ ಕೆಂಡದಂಥ ಕೋಪ ಇದೆ. ಅವರನ್ನು ಎಸಿ ರೂಮಿನಲ್ಲಿ ಕೂತು ಆರಿಸುವ ಮಾಲೀಕರ ಮೇಲೆ ಇನ್ನೂ ಜಾಸ್ತಿ.

ಮೊದಲು ಮಾತಾಡಲು ಬಂದವರು ತಲೆ ನರೆತ, ಅನುಭವಸ್ಥ ಮನುಷ್ಯರು. ಟೊಯೋಟಾ ಪದ್ಧತಿ, ಲೀನ್ (ದಂಡದ ಕೆಲಸ, ಸಮಯ ತೆಗೆದುಹಾಕೋದು), ಫೈವ್ ಎಸ್ (ಕೆಲಸದ ಜಾಗ ಅಚ್ಚುಕಟ್ಟಾಗಿ ಇಡೋದು) ಅಂತ ಗಂಟೆಗಟ್ಟಲೆ ಸ್ಲೈಡ್ ತೋರಿಸಿದರು. ಅಡ್ವಾನ್ಸ್ ಹೋಯಿತು, ಅದರ ಮೇಲೆ 18% ಜಿಎಸ್‌ಟಿ. ಆಮೇಲೆ ಅವರ ಮುಖವೇ ಕಾಣಲಿಲ್ಲ. ಬಂದವರು ಆಗಷ್ಟೇ ಕಾಲೇಜು ಮುಗಿಸಿದ ಇಬ್ಬರು ಹುಡುಗರು. ಪಾಪ, ಡೈ (ಪ್ರೆಸ್ ಮಿಷನ್ನಿಗೆ ಹಾಕುವ ಅಚ್ಚು) ಬದಲಾಯಿಸುವುದನ್ನು ಮೊದಲ ಸಲ ನೋಡುತ್ತಿದ್ದರು.

ನಮ್ಮ ತೊಂದರೆ ಒಂದೇ, ಡೈ ಬದಲಾಯಿಸಲು ಒಂದೂವರೆ ಗಂಟೆ ಹಿಡಿಯುತ್ತೆ. ಇದನ್ನು ಹತ್ತು ನಿಮಿಷದೊಳಗೆ ತರುವ ದಾರಿಯನ್ನು ಜಪಾನಿನ ಇಂಜಿನಿಯರ್ ಶಿಗಿಯೊ ಶಿಂಗೊ ಎಂದೋ ತೋರಿಸಿಕೊಟ್ಟಿದ್ದಾರೆ: ಮಿಷನ್ ಓಡುತ್ತಿರುವಾಗಲೇ ಮುಂದಿನ ಡೈ ರೆಡಿ ಇಟ್ಟುಕೊಳ್ಳಿ, ಡೈಗಳ ಎತ್ತರ ಒಂದೇ ಮಾಡಿ, ಬೋಲ್ಟುಗಳನ್ನು ಒಂದೇ ಸೈಜಿಗೆ ತನ್ನಿ. ನಮ್ಮ ಹಿರಿಯ ಆಪರೇಟರ್ ಹೇಳ್ತಾ ಬಂದಿರೋದೂ ಇದನ್ನೇ. "ಸಾರ್, ಮೂರು ಥರದ ಬೋಲ್ಟು, ಒಂದೊಂದಕ್ಕೂ ಸ್ಪ್ಯಾನರ್ ಹುಡುಕ್ಕೊಂಡು ಟೂಲ್ ರೂಮಿಗೆ ಹೋಗಬೇಕು." ಹುಡುಗರು ಸ್ಟಾಪ್‌ವಾಚ್ ಹಿಡಿದು ಎಲ್ಲಾ ಬರೆದುಕೊಂಡರು. ರಿಪೋರ್ಟಿನಲ್ಲಿ ಅದೇ ಮಾತು ಅವರ ಶಿಫಾರಸಾಗಿ ಬಂತು, ಆಪರೇಟರ್ ಹೆಸರೇ ಇಲ್ಲ! ಸರಿ, ಮಾಡಿಸಿಕೊಡಿ ಅಂದರೆ "ಅದು ನಮ್ಮ ಸ್ಕೋಪ್‌ನಲ್ಲಿ ಇಲ್ಲ" ಅಂದರು.

ಮಾಡಿಸಿದ್ದು ಏನು ಗೊತ್ತಾ? ನೆಲಕ್ಕೆ ಹಳದಿ ಗೆರೆ. ಸ್ಪ್ಯಾನರ್ ನೇತುಹಾಕಲು ಅದರ ಆಕಾರ ಬರೆದ ಒಂದು ಬೋರ್ಡು. ಅದನ್ನೂ ಪ್ರೆಸ್ ಪಕ್ಕ ಹಾಕದೆ, ಫೋಟೋಗೆ ಚೆನ್ನಾಗಿ ಕಾಣುತ್ತೆ ಅಂತ ಬಾಗಿಲ ಹತ್ತಿರದ ಗೋಡೆಗೆ ಹೊಡೆಸಿದರು.

2023ರಲ್ಲಿ ಹೊಸ ರೂಪದಲ್ಲಿ ಬಂದ ಕೇಂದ್ರದ ಲೀನ್ ಯೋಜನೆಯಲ್ಲಿ ಸಣ್ಣ ಕಾರ್ಖಾನೆಗಳ ಕನ್ಸಲ್ಟೆಂಟ್ ಖರ್ಚಿನ 90% ಸರ್ಕಾರವೇ ಕೊಡುತ್ತೆ. ನಾವು ಅದರಲ್ಲಿ ಹೋಗಿಲ್ಲ. ಆದರೆ ಆ ದುಡ್ಡೂ ಹೀಗೇ ಸ್ಲೈಡಿಗೆ ಹೋದರೆ ಹೊಟ್ಟೆ ಉರಿಯಲ್ವಾ?

ಆರಿಸುವಾಗಲೇ ಕೇಳ್ರಪ್ಪಾ, ಶಾಪ್ ಫ್ಲೋರಿಗೆ ಬರೋದು ಯಾರು ಅಂತ. ಅವರನ್ನೇ ಕರೆಸಿ, ಮಿಷನ್ ಪಕ್ಕ ನಿಲ್ಲಿಸಿ ಮಾತಾಡಿಸಿ. ಅವರು ಹಿಂದೆ ಕೆಲಸ ಮಾಡಿದ ಕಾರ್ಖಾನೆಯ ಮಾಲೀಕರನ್ನಲ್ಲ, ಅಲ್ಲಿನ ಸೂಪರ್‌ವೈಸರ್‌ನ ಕೇಳಿ. ಕೊನೆ ಕಂತು ಕೊಡೋದು ಅವರು ಹೋಗಿ ಮೂರು ತಿಂಗಳಾದ ಮೇಲೂ ಆ ಬದಲಾವಣೆ ನಿಂತಿದ್ದರೆ ಮಾತ್ರ, ಅಂತ ಬರೆಸಿಕೊಳ್ಳಿ.

ಮೊನ್ನೆ ನಮಗೆ ಕೊನೆ ಕಂತಿನ ಬಿಲ್ ಬಂದಿದೆ. ಡೈ ಬದಲಾಯಿಸಲು ಇವತ್ತೂ ಒಂದೂವರೆ ಗಂಟೆ. ಕೆಲಸ ಮುಗಿದಿದೆ ಅಂತ ನನ್ನ ಸಹಿ ಬೇಕಂತೆ. ನಾನಂತೂ ಹಾಕಲ್ಲ.